ಊರಿನ ತೂಕ, ಗುಂಪಿನ ತೂಕ: ವಯಸ್ಕರ ತೂಕ ನಿಯಂತ್ರಣ ಯೋಜನೆಗಳ ಏಳು ದಶಕ

ಅಮೆರಿಕದ ಒಕ್ಲಹೋಮಾ ಸಿಟಿಯ ಮೇಯರ್ ಮಿಕ್ ಕಾರ್ನೆಟ್ 2007ರ ಕೊನೆಯ ದಿನ ಮೃಗಾಲಯದ ಆನೆಗಳ ಮುಂದೆ ನಿಂತು, ಇಡೀ ಊರೇ ಪಥ್ಯ ಹಿಡಿಯಲಿದೆ, ಎಲ್ಲರೂ ಸೇರಿ ಹತ್ತು ಲಕ್ಷ ಪೌಂಡ್ ಇಳಿಸೋಣ ಎಂದು ಸಾರಿದರು. ಗುರಿ ಮುಟ್ಟಿತೆಂಬ ಘೋಷಣೆ 2012ರ ಜನವರಿಯಲ್ಲಿ ಬಂತು. ಹೆಸರು ನೋಂದಾಯಿಸಿದವರು ಸುಮಾರು 47,000. ಭಾಗಿಸಿದರೆ ತಲಾ 21 ಪೌಂಡ್, ಅಂದರೆ ಒಂಬತ್ತೂವರೆ ಕಿಲೋದಷ್ಟು. ಆದರೆ ಈ ಲೆಕ್ಕ ನಿಂತದ್ದು ಜನ ತಾವಾಗಿಯೇ ಜಾಲತಾಣದಲ್ಲಿ ನಮೂದಿಸಿದ ಅಂಕಿಗಳ ಮೇಲೆ. ಹೆಸರು ಕೊಡದವರ ತೂಕ ಏರಿತೋ ಇಳಿಯಿತೋ ಎಂಬುದು ಲೆಕ್ಕಕ್ಕೇ ಬರಲಿಲ್ಲ. ಊರಿನ ತೂಕ ಎಂದು ಹೇಳಿದ್ದು ನಿಜಕ್ಕೂ ಬಂದು ಸೇರಿದವರ ತೂಕ. ವಯಸ್ಕರಿಗಾಗಿ ನಡೆದ ಸಾಮೂಹಿಕ ತೂಕ ನಿಯಂತ್ರಣದ ಚರಿತ್ರೆಯಲ್ಲಿ ಈ ಎರಡು ಲೆಕ್ಕಗಳು ಪದೇ ಪದೇ ಬೆರೆತುಹೋಗಿವೆ. ಅವನ್ನು ಬೇರ್ಪಡಿಸಿ ನೋಡುವುದು ಈ ಲೇಖನದ ಉದ್ದೇಶ.

ಗುಂಪಿನ ಚರಿತ್ರೆ ಹಳೆಯದು. 1948ರಲ್ಲಿ ಮಿಲ್ವಾಕಿಯ ಗೃಹಿಣಿ ಎಸ್ತರ್ ಮಾಂಜ್ ಕೆಲವು ಗೆಳತಿಯರೊಡನೆ 'ಟಾಪ್ಸ್' ಸಂಘ ಕಟ್ಟಿದರು. ವಾರಕ್ಕೊಮ್ಮೆ ಸೇರುವುದು, ತೂಕ ನೋಡಿಸಿಕೊಳ್ಳುವುದು, ಒಬ್ಬರಿಗೊಬ್ಬರು ಧೈರ್ಯ ಹೇಳುವುದು, ಇಷ್ಟೇ ಅದರ ವಿಧಾನ. 1961ರಲ್ಲಿ ನ್ಯೂಯಾರ್ಕಿನ ಜೀನ್ ನೈಡೆಚ್ ನಗರದ ಆರೋಗ್ಯ ಇಲಾಖೆ ನಡೆಸುತ್ತಿದ್ದ ಬೊಜ್ಜು ಚಿಕಿತ್ಸಾಲಯಕ್ಕೆ ಹೋದರು. ಆಗ ಅವರ ತೂಕ 214 ಪೌಂಡ್. ಅಲ್ಲಿ ಸಿಕ್ಕಿದ ಪಥ್ಯ ಅವರಿಗೆ ಒಗ್ಗಿತು, ಒಂಟಿತನ ಒಗ್ಗಲಿಲ್ಲ. ಗೆಳತಿಯರನ್ನು ಮನೆಗೆ ಕರೆದು ಮಾತಿಗೆ ಕೂರಿಸಿದರು. 1963ರಲ್ಲಿ ಅದು 'ವೇಟ್ ವಾಚರ್ಸ್' ಎಂಬ ಕಂಪನಿಯಾಯಿತು, 1978ರಲ್ಲಿ ಹೈಂಜ್ ಎಂಬ ಆಹಾರೋದ್ಯಮದ ಕೈಸೇರಿತು. ಸರ್ಕಾರಿ ಚಿಕಿತ್ಸಾಲಯದ ಪಥ್ಯದ ಹಾಳೆ ಕೆಚಪ್ ಮಾರುವವರ ಆಸ್ತಿಯಾದದ್ದು ಈ ಚರಿತ್ರೆಯ ಒಂದು ವಿನೋದ. 1974ರಲ್ಲಿ ಲೆವಿಟ್ಜ್ ಮತ್ತು ಸ್ಟಂಕರ್ಡ್ ಎಂಬ ಸಂಶೋಧಕರು ಟಾಪ್ಸ್ ಶಾಖೆಗಳಲ್ಲೇ ಪ್ರಯೋಗ ನಡೆಸಿ, ತಿನ್ನುವ ಅಭ್ಯಾಸಗಳನ್ನು ತಿದ್ದುವ ತರಬೇತಿ ಸೇರಿಸಿದರೆ ಬಿಟ್ಟುಹೋಗುವವರು ಕಡಿಮೆಯಾಗುತ್ತಾರೆ, ತೂಕವೂ ಹೆಚ್ಚು ಇಳಿಯುತ್ತದೆ ಎಂದು ತೋರಿಸಿದರು.

ಊರನ್ನೇ ರೋಗಿಯೆಂದು ಬಗೆಯುವ ಯೋಚನೆ ಹೃದ್ರೋಗ ತಜ್ಞರಿಂದ ಬಂತು. ಫಿನ್ಲೆಂಡಿನ ಉತ್ತರ ಕರೇಲಿಯಾ ಪ್ರಾಂತ್ಯದಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುತ್ತಿದ್ದುದನ್ನು ಕಂಡು ಜನರೇ ಸರ್ಕಾರಕ್ಕೆ ಮನವಿ ಕೊಟ್ಟರು. 1972ರಲ್ಲಿ ಪೆಕ್ಕಾ ಪುಸ್ಕಾ ನೇತೃತ್ವದಲ್ಲಿ ಯೋಜನೆ ಶುರುವಾಯಿತು. ಮಾರ್ಥಾ ಎಂಬ ಗೃಹಿಣಿಯರ ಸಂಘ ಹಳ್ಳಿಹಳ್ಳಿಯಲ್ಲಿ 'ದೀರ್ಘಾಯುಷ್ಯದ ಕೂಟ'ಗಳನ್ನು ನಡೆಸಿ, ಬೆಣ್ಣೆ ಕಡಿಮೆ ಮಾಡಿ ತರಕಾರಿ ಹೆಚ್ಚಿಸಿದ ಅಡುಗೆಯನ್ನು ಬಡಿಸಿತು. ಮುಂದಿನ ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವು ಶೇ. 80ಕ್ಕೂ ಹೆಚ್ಚು ಇಳಿಯಿತು. ಕೊಲೆಸ್ಟ್ರಾಲ್, ರಕ್ತದೊತ್ತಡ, ಗಂಡಸರ ಧೂಮಪಾನ ಎಲ್ಲವೂ ಇಳಿದವು. ಗಂಡಸರ ದೇಹತೂಕ ಸೂಚ್ಯಂಕ ಮಾತ್ರ ಏರುತ್ತಲೇ ಹೋಯಿತು! ಈ ಯೋಜನೆಯನ್ನು ಹೊಗಳುವವರು ಈ ಸಾಲನ್ನು ಬೇಗ ದಾಟಿಬಿಡುತ್ತಾರೆ.

ಅಮೆರಿಕದ ಮಿನ್ನೆಸೋಟ ಹಾರ್ಟ್ ಹೆಲ್ತ್ ಪ್ರೋಗ್ರಾಮ್ ಎಂಬ ಯೋಜನೆ ಹಾಗೆ ದಾಟಲು ಬಿಡುವುದಿಲ್ಲ. 1980ರಲ್ಲಿ ಆರಂಭವಾದ ಅದು ಮಂಕೇಟೊ, ಫಾರ್ಗೊ-ಮೂರ್‌ಹೆಡ್, ಬ್ಲೂಮಿಂಗ್ಟನ್ ಊರುಗಳಲ್ಲಿ ಕೆಲಸ ಮಾಡಿ, ಹೋಲಿಕೆಗೆಂದು ಬೇರೆ ಮೂರು ಊರುಗಳನ್ನು ಇಟ್ಟುಕೊಂಡಿತ್ತು. ಒಟ್ಟು ನಾಲ್ಕು ಲಕ್ಷದಷ್ಟು ಜನ. ತೂಕ ಇಳಿಸುವ ತರಗತಿ, ಅಂಚೆ ಪಾಠ, ಕಾರ್ಖಾನೆ ಕಚೇರಿಗಳಲ್ಲಿ ಕಾರ್ಯಕ್ರಮ, ಹಣದ ಪ್ರೋತ್ಸಾಹ ಎಲ್ಲವೂ ನಡೆದವು. 1995ರಲ್ಲಿ ರಾಬರ್ಟ್ ಜೆಫ್ರಿ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶದಂತೆ, ಯೋಜನೆ ನಡೆದ ಊರಲ್ಲೂ ನಡೆಯದ ಊರಲ್ಲೂ ತೂಕ ಒಂದೇ ರೀತಿ ಏರಿತ್ತು. ತರಗತಿಗೆ ಬಂದವರಿಗೆ ಉಪಯೋಗವಾಗಿರಬಹುದು. ಆದರೆ ಊರಿನ ಸರಾಸರಿ ಅಲುಗಲಿಲ್ಲ. ಬೀಡಿ ಸಿಗರೇಟಿನಂತೆ ಅನ್ನವನ್ನು ಬಿಟ್ಟುಬಿಡಿ ಎನ್ನಲಾಗದು, ಮತ್ತು ಅಗ್ಗದ ಆಹಾರ, ಕಾರು, ಕುರ್ಚಿಯ ಕೆಲಸ ಇವು ಭಿತ್ತಿಪತ್ರಕ್ಕೆ ಜಗ್ಗುವಂಥವಲ್ಲ ಎಂಬುದು ನನ್ನ ತೀರ್ಮಾನ. ಕಾರ್ನೆಟ್ ಕೂಡ ಇದನ್ನು ಅರಿತಿರಬೇಕು: 2009ರ ಡಿಸೆಂಬರಿನಲ್ಲಿ ಒಕ್ಲಹೋಮಾ ಸಿಟಿಯ ಮತದಾರರು ಮಾರಾಟ ತೆರಿಗೆಯ ಹಣದಿಂದ ಉದ್ಯಾನ, ಪಾದಚಾರಿ ಹಾದಿ, ಹಿರಿಯರ ಆರೋಗ್ಯ ಕೇಂದ್ರಗಳನ್ನು ಕಟ್ಟಲು ಒಪ್ಪಿಗೆ ಕೊಟ್ಟರು.

ಇತ್ತ ಗುಂಪಿನ ವಿಧಾನಕ್ಕೆ ಹೊಸ ಬಲ ಬಂದದ್ದು ಮಧುಮೇಹದ ದಿಕ್ಕಿನಿಂದ. 2002ರ ಅಮೆರಿಕದ ಮಧುಮೇಹ ತಡೆ ಪ್ರಯೋಗದಲ್ಲಿ 3,234 ಜನರಿದ್ದರು. ಶೇ. 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷ ನಡಿಗೆಯ ಗುರಿ ಇಟ್ಟುಕೊಂಡವರಲ್ಲಿ ಮಧುಮೇಹ ಶೇ. 58ರಷ್ಟು ಕಡಿಮೆಯಾಯಿತು. ಒಬ್ಬೊಬ್ಬರಿಗೂ ತರಬೇತುದಾರರನ್ನು ಕೊಡುವ ಆ ಕ್ರಮ ದುಬಾರಿ. 2008ರಲ್ಲಿ ಇಂಡಿಯಾನಾಪೊಲಿಸ್‌ನ ವೈಎಂಸಿಎಗಳಲ್ಲಿ ಅದೇ ಪಾಠವನ್ನು ಗುಂಪಿಗೆ ಕಲಿಸಿ ನೋಡಿದಾಗ ತೂಕ ಶೇ. 6ರಷ್ಟು ಇಳಿಯಿತು, ಬರೀ ಸಲಹೆ ಪಡೆದವರಲ್ಲಿ ಶೇ. 2. ಮಾಂಜ್ ಅವರ ವಾರದ ಕೂಟವನ್ನು ವಿಜ್ಞಾನ ಅರವತ್ತು ವರ್ಷಗಳ ಬಳಿಕ ಮತ್ತೆ ಕಂಡುಕೊಂಡಿತ್ತು.

ಭಾರತದ ಪುರಾವೆ ಇನ್ನೊಂದು ತೊಡಕು ತರುತ್ತದೆ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಚೆನ್ನೈನ ಅಧ್ಯಯನದಲ್ಲಿ 531 ಜನರಿದ್ದರು. ಊಟ ಮತ್ತು ನಡಿಗೆಯನ್ನು ಬದಲಿಸಿಕೊಂಡವರಲ್ಲಿ ಮಧುಮೇಹ ಶೇ. 28.5ರಷ್ಟು ಕಡಿಮೆಯಾಯಿತು, ಆದರೆ ಅವರ ತೂಕ ಹೇಳುವಷ್ಟು ಇಳಿದಿರಲಿಲ್ಲ. ಕೇರಳದ ನೆಯ್ಯಾಟ್ಟಿನ್‌ಕರ ತಾಲ್ಲೂಕಿನ 60 ಮತಗಟ್ಟೆ ವ್ಯಾಪ್ತಿಗಳಲ್ಲಿ 1,007 ಜನರೊಡನೆ ನಡೆದು 2018ರಲ್ಲಿ ವರದಿಯಾದ ಪ್ರಯೋಗದಲ್ಲಿ ಊರವರೇ ಗುಂಪುಗಳ ಮುಂದಾಳುಗಳು. ಎರಡು ವರ್ಷಗಳ ಕೊನೆಗೆ ಮಧುಮೇಹದಲ್ಲಿ ಖಚಿತವೆನ್ನಬಹುದಾದ ವ್ಯತ್ಯಾಸ ಕಾಣಲಿಲ್ಲ. ಕುಡಿತ ಕಡಿಮೆಯಾಗಿತ್ತು, ಹಣ್ಣು ತರಕಾರಿ ತಿನ್ನುವುದು ಹೆಚ್ಚಿತ್ತು.