ಜನಪ್ರತಿನಿಧಿಯ ಮಾನ ಮತ್ತು ಪ್ರಾಣ

ಮದರಾಸಿನ ಶಾಸನಸಭೆಗೂ ಕನ್ನಡಿಗರಿಗೂ ಇದ್ದ ಸಂಬಂಧ ಹಳೆಯದು. 1953ರವರೆಗೆ ಬಳ್ಳಾರಿಯ ಪ್ರತಿನಿಧಿಗಳೂ 1956ರವರೆಗೆ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲದ ಪ್ರತಿನಿಧಿಗಳೂ ತಮ್ಮ ಜನರ ಅಹವಾಲುಗಳನ್ನು ಆ ಸಭೆಯಲ್ಲಿಯೇ ಮಂಡಿಸಿದರು. ಅವರು ಅಲ್ಲಿಂದ ಹೊರಬಂದ ಮೇಲಿನ ಅದರ ಚರಿತ್ರೆಯಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಒಂದು ಪ್ರಶ್ನೆ ಅಡಗಿದೆ: ಜನರು ಆರಿಸಿದವರನ್ನು ನಿಂದೆಯಿಂದಲೂ ಬೆದರಿಕೆಯಿಂದಲೂ ಕಾಪಾಡುವ ಬಗೆ ಯಾವುದು?

ಸಂವಿಧಾನದ 194ನೆಯ ವಿಧಿಯು ರಾಜ್ಯದ ಶಾಸಕರಿಗೆ ಸದನದಲ್ಲಿ ವಾಕ್‌ಸ್ವಾತಂತ್ರ್ಯವನ್ನು ನೀಡಿ, ಅಲ್ಲಿ ಆಡಿದ ಮಾತಿಗಾಗಿ ನ್ಯಾಯಾಲಯದ ಕಟಕಟೆ ಹತ್ತಬೇಕಾದ ಭಯವನ್ನು ನಿವಾರಿಸಿದೆ. ಸದನಕ್ಕೆ ವಿಶೇಷಾಧಿಕಾರಗಳನ್ನೂ ಕೊಟ್ಟಿದೆ. ಆ ಅಧಿಕಾರಗಳನ್ನು ಶಾಸನದ ಮೂಲಕ ಸ್ಪಷ್ಟಪಡಿಸಬಹುದೆಂದು ವಿಧಿಯೇ ಹೇಳಿದ್ದರೂ, ಹಕ್ಕುಚ್ಯುತಿ ಯಾವುದೆಂಬ ತೀರ್ಮಾನ ಬಹುಮಟ್ಟಿಗೆ ಸದನದ ಬಹುಮತಕ್ಕೇ ಉಳಿದುಬಂದಿದೆ.

ಇದರ ಫಲ 1987ರಲ್ಲಿ ಕಂಡುಬಂದಿತು. 'ಆನಂದ ವಿಕಟನ್' ವಾರಪತ್ರಿಕೆಯು ಶಾಸಕರನ್ನೂ ಮಂತ್ರಿಗಳನ್ನೂ ಹಾಸ್ಯಮಾಡುವ ವ್ಯಂಗ್ಯಚಿತ್ರವೊಂದನ್ನು ಮುಖಪುಟದಲ್ಲಿ ಅಚ್ಚುಮಾಡಿತು. ಇದಕ್ಕಾಗಿ ಸಂಪಾದಕ ಎಸ್. ಬಾಲಸುಬ್ರಮಣಿಯನ್ ಅವರಿಗೆ ಸದನವು ಮೂರು ತಿಂಗಳ ಸಜೆ ವಿಧಿಸಿತು. ಪ್ರತಿಭಟನೆಗಳಿಂದಾಗಿ ಕೆಲವೇ ದಿನಗಳಲ್ಲಿ ಅವರ ಬಿಡುಗಡೆಯಾಯಿತು. 1994ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಆ ಬಂಧನ ಸಂವಿಧಾನಬಾಹಿರವೆಂದು ತೀರ್ಪಿತ್ತು, ಸಾಂಕೇತಿಕವಾಗಿ 1,000 ರೂಪಾಯಿ ಪರಿಹಾರವನ್ನು ಕೊಡಿಸಿತು. ಕರ್ನಾಟಕದ ವಿಧಾನಸಭೆಯೂ ಈ ಹಾದಿಯನ್ನು ತುಳಿಯದೆ ಇರಲಿಲ್ಲ. 2017ರಲ್ಲಿ ಅದು ಇಬ್ಬರು ಪತ್ರಕರ್ತರಿಗೆ ಒಂದೊಂದು ವರ್ಷದ ಸಜೆಯನ್ನೂ 10,000 ರೂಪಾಯಿ ದಂಡವನ್ನೂ ವಿಧಿಸಿತು.

ಲೇಖನಿಯ ಮೇಲೆ ಇಷ್ಟು ಬಿಗಿಯಾದ ಅಧಿಕಾರವು ತೋಳ್ಬಲದ ಎದುರಿನಲ್ಲಿ ಕೈಚೆಲ್ಲಿತು. 1988ರ ಜನವರಿ 28ರಂದು, ಜಾನಕಿ ರಾಮಚಂದ್ರನ್ ಅವರ ವಿಶ್ವಾಸಮತದ ದಿನ, ಸದನದಲ್ಲಿ ಹೊಡೆದಾಟ ನಡೆದು ಪೊಲೀಸರು ಒಳನುಗ್ಗಿ ಲಾಠಿ ಬೀಸಿದರು. ಮರುವರ್ಷ ಮಾರ್ಚ್ 25ರಂದು ಮುಖ್ಯಮಂತ್ರಿ ಎಂ. ಕರುಣಾನಿಧಿ ಆಯವ್ಯಯ ಮಂಡಿಸುತ್ತಿದ್ದಾಗ ಮತ್ತೆ ಗಲಭೆಯಾಯಿತು. ಮೇಲುಕೋಟೆಯಲ್ಲಿ ಹುಟ್ಟಿದ ವಿರೋಧಪಕ್ಷದ ನಾಯಕಿ ಜೆ. ಜಯಲಲಿತಾ ತಮ್ಮ ಮೇಲೆ ಹಲ್ಲೆಯಾಯಿತೆಂದೂ ಸೀರೆ ಎಳೆಯಲಾಯಿತೆಂದೂ ದೂರಿದರು. ಆಡಳಿತಪಕ್ಷ ಅದನ್ನು ಅಲ್ಲಗಳೆಯಿತು. ಈ ಬಗ್ಗೆ ಎರಡು ಪಕ್ಷಗಳ ಮಾತು ಇಂದಿಗೂ ಒಂದಾಗಿಲ್ಲ. 1991ರಲ್ಲಿ ಜಯಲಲಿತಾ ಮುಖ್ಯಮಂತ್ರಿಯಾದರು. ಅಂದಿನ ಸತ್ಯವನ್ನು ಎರಡು ಪಕ್ಷಗಳೂ ಒಪ್ಪುವಂತೆ ನಿರ್ಣಯಿಸುವ ನಿಷ್ಪಕ್ಷಪಾತವಾದ ವಿಚಾರಣೆ ಮಾತ್ರ ಸದನದಿಂದ ಸಾಧ್ಯವಾಗಲಿಲ್ಲ. ಬಹುಮತವೇ ನ್ಯಾಯಾಧೀಶನಾದಲ್ಲಿ ಅಲ್ಪಮತದವರ ದೂರು ದೂರಾಗಿಯೇ ಉಳಿಯುತ್ತದೆ.

ಆದರೂ ಶಾಸಕರಿಗೆ ಪತ್ರಿಕೆಗಳುಂಟು, ಪಕ್ಷವುಂಟು, ಮುಂದಿನ ಚುನಾವಣೆಯುಂಟು. ಇವಾವುವೂ ಆಸರೆಯಾಗದ ಚುನಾಯಿತರ ಪಾಡೇನು? ಮಧುರೆ ಜಿಲ್ಲೆಯ ಮೇಲವಳವು ಪಂಚಾಯತಿಯ ಅಧ್ಯಕ್ಷಸ್ಥಾನವನ್ನು 1996ರಲ್ಲಿ ಪರಿಶಿಷ್ಟ ಜಾತಿಗೆ ಮೀಸಲಿಡಲಾಯಿತು. ಬೆದರಿಕೆಗೆ ಅಂಜಿ ಉಮೇದುವಾರರು ನಾಮಪತ್ರಗಳನ್ನು ಹಿಂದಕ್ಕೆ ಪಡೆದರು, ಮತದಾನಕ್ಕೂ ಅಡ್ಡಿಯಾಯಿತು. ಕೊನೆಗೆ ಗೆದ್ದುಬಂದ ದಲಿತ ಅಧ್ಯಕ್ಷ ಮುರುಗೇಶನ್ 1997ರ ಜೂನ್ 30ರಂದು ಮಧುರೆಯಿಂದ ಬಸ್ಸಿನಲ್ಲಿ ಮರಳುತ್ತಿದ್ದಾಗ, ಇತರ ಐವರೊಂದಿಗೆ ಕೊಲೆಯಾದರು. 2001ರಲ್ಲಿ 17 ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. ಮದರಾಸು ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅವರಲ್ಲಿ 13 ಮಂದಿ 2019ರಲ್ಲಿ ಅವಧಿಗೆ ಮುನ್ನ ಬಿಡುಗಡೆಯಾದರು. ಅದೇ ಜಿಲ್ಲೆಯ ಪಾಪ್ಪಾಪಟ್ಟಿ, ಕೀರಿಪಟ್ಟಿಗಳಂತಹ ಮೀಸಲು ಪಂಚಾಯತಿಗಳಲ್ಲಿ ಸುಗಮವಾಗಿ ಚುನಾವಣೆ ನಡೆಯಲು 2006ರವರೆಗೆ ಕಾಯಬೇಕಾಯಿತು.

194ನೆಯ ವಿಧಿಯ ಕವಚ ಪಂಚಾಯತಿಯ ಅಧ್ಯಕ್ಷರಿಗಿಲ್ಲ. ವ್ಯಂಗ್ಯಚಿತ್ರದಿಂದ ನೊಂದವರಿಗಾಗಿ ಸದನ ಒಂದೆರಡು ವಾರದೊಳಗೆ ಎದ್ದು ನಿಂತಿತು. ಪ್ರಾಣಭಯದಲ್ಲಿದ್ದ ಗ್ರಾಮಪ್ರತಿನಿಧಿಗೆ ಉಳಿದಿದ್ದುದು ಸಾಮಾನ್ಯ ಕಾನೂನಿನ ಆಸರೆ ಮಾತ್ರ. ಅದೂ ಸಕಾಲಕ್ಕೆ ಒದಗಲಿಲ್ಲ. ಈ ಕೊರತೆಯನ್ನು ಕಾನೂನು ಗುರುತಿಸಿದ್ದು ತಡವಾಗಿ. ದೌರ್ಜನ್ಯ ತಡೆ ಅಧಿನಿಯಮಕ್ಕೆ 2015ರಲ್ಲಿ ಅಂಗೀಕಾರವಾಗಿ 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿಯು, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪಂಚಾಯತಿ, ಪುರಸಭಾ ಪ್ರತಿನಿಧಿಗಳನ್ನು ಬೆದರಿಸಿ ಕರ್ತವ್ಯಕ್ಕೆ ಅಡ್ಡಿಪಡಿಸುವುದನ್ನು ಪ್ರತ್ಯೇಕ ಅಪರಾಧವೆಂದು ಹೆಸರಿಸಿತು.

ಟೀಕೆಯೂ ಬೆದರಿಕೆಯೂ ಒಂದೇ ಅಲ್ಲವೆಂಬುದೇ ಈ ಚರಿತ್ರೆಯ ಸಾರ. ಟೀಕೆ, ಅದು ಎಷ್ಟೇ ಕಟುವಾಗಿದ್ದರೂ, ಪ್ರತಿನಿಧಿಯನ್ನು ಜನರಿಗೆ ಉತ್ತರ ಹೇಳುವಂತೆ ಮಾಡುತ್ತದೆ. ಬೆದರಿಕೆಯಾದರೋ ಜನರಿತ್ತ ಮತವನ್ನೇ ಕಸಿದುಕೊಳ್ಳುತ್ತದೆ. ಮೊದಲನೆಯದನ್ನು ಸಹಿಸುವ ಔದಾರ್ಯ, ಎರಡನೆಯದನ್ನು ಪಕ್ಷ ನೋಡದೆ ದಂಡಿಸುವ ದಾರ್ಢ್ಯ, ಇವೆರಡೂ ಕೂಡಿದಾಗಲೇ ಚುನಾಯಿತರ ರಕ್ಷಣೆ ಸಾರ್ಥಕವಾಗುತ್ತದೆ. ಆ ರಕ್ಷಣೆ ಕೋಟೆಯೊಳಗಿನ ಸದನಕ್ಕಿಂತ ಮೊದಲು ತಲುಪಬೇಕಾದದ್ದು ಹಳ್ಳಿಯ ಬಸ್ಸಿನಲ್ಲಿ ಒಂಟಿಯಾಗಿ ಊರಿಗೆ ಮರಳುವ ಪ್ರತಿನಿಧಿಯನ್ನು.