ಫ್ರೆಂಚ್ ವ್ಯಾಸಂಗ ಮತ್ತು ಉದ್ಯೋಗಾವಕಾಶಗಳು

ಫ್ರೆಂಚ್ ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದು. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್ ಸಂಸ್ಥೆಯು ಈ ಭಾಷೆಯನ್ನು ಬೋಧಿಸುತ್ತದೆ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಪದವಿ ಹಾಗೂ ಸ್ನಾತಕೋತ್ತರ ವ್ಯಾಸಂಗಕ್ಕೆ ಅವಕಾಶವಿದೆ. ದ್ವಿತೀಯ ಪಿಯುಸಿಯ ಬಳಿಕ ಈ ಭಾಷೆಯನ್ನು ಮೊದಲಕ್ಷರದಿಂದಲೇ ಕಲಿಯಬಹುದಾದ್ದರಿಂದ, ಮುದ್ದೇಬಿಹಾಳದಂತಹ ತಾಲ್ಲೂಕು ಕೇಂದ್ರಗಳ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೂ ಇದು ಎಟುಕುವ ವಿದ್ಯೆಯೇ ಆಗಿದೆ.

ಪ್ರಾವೀಣ್ಯವನ್ನು ಅಳೆಯುವ ಡೆಲ್ಫ್ ಪರೀಕ್ಷೆಗೆ ಎ1, ಎ2, ಬಿ1, ಬಿ2 ಎಂಬ ನಾಲ್ಕು ಹಂತಗಳಿವೆ. ಡಾಲ್ಫ್ ಪರೀಕ್ಷೆಗೆ ಸಿ1, ಸಿ2 ಎಂಬ ಎರಡು. ಈ ಪ್ರಮಾಣಪತ್ರಗಳು ಜೀವನಪರ್ಯಂತ ಮಾನ್ಯವಾಗಿರುತ್ತವೆ. ಆರಂಭಿಕ ಹಂತಗಳಷ್ಟೇ ಉದ್ಯೋಗಕ್ಕೆ ಸಾಲವು. ಬೋಧನೆ, ಭಾಷಾಂತರ, ಪ್ರವಾಸೋದ್ಯಮ ಹಾಗೂ ಫ್ರಾನ್ಸ್ ಮೂಲದ ಕಂಪನಿಗಳು ಮುಖ್ಯ ಉದ್ಯೋಗ ಕ್ಷೇತ್ರಗಳು. ಭಾಷಾಂತರಕಾರನಿಗೆ ಫ್ರೆಂಚಿನಷ್ಟೇ ಕನ್ನಡ, ಇಂಗ್ಲಿಷ್‌ಗಳ ಹಿಡಿತವೂ ಅವಶ್ಯಕ.