ಬರಿಗಾಲಿನ ಹುಡುಗಿಯ ಮೇಲೆ ದೊಡ್ಡವರು ಹೊರಿಸಿದ ಭಾರ

ಜೋಲಾ ಬಡ್ ಎಂಬ ಹೆಸರನ್ನು ನಮ್ಮ ಊರಿನ ಈಗಿನ ಓಟಗಾರ ಮಕ್ಕಳು ಕೇಳಿರಲಿಕ್ಕಿಲ್ಲ. ನಲವತ್ತು ವರ್ಷದ ಹಿಂದೆ ಈ ಹೆಸರು ಜಗತ್ತಿನ ಪತ್ರಿಕೆಗಳ ಮುಖಪುಟದಲ್ಲಿತ್ತು. ಆಗ ಅವಳಿಗೆ ಬರೀ 17 ವರ್ಷ.

ಜೋಲಾ ಹುಟ್ಟಿದ್ದು 1966ರಲ್ಲಿ, ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ. ನಮ್ಮ ಹಳ್ಳಿ ಮಕ್ಕಳ ಹಾಗೆ ಅವಳೂ ಓಡುತ್ತಿದ್ದುದು ಬರಿಗಾಲಲ್ಲೇ. ಅವಳಿಗೆ 14 ವರ್ಷವಿದ್ದಾಗ ತುಂಬಾ ಹಚ್ಚಿಕೊಂಡಿದ್ದ ಅಕ್ಕ ತೀರಿಕೊಂಡಳು. ಆ ದುಃಖದಿಂದ ತಪ್ಪಿಸಿಕೊಳ್ಳಲು ಓಟವೇ ದಾರಿಯಾಯಿತು ಎಂದು ಜೋಲಾ ಮುಂದೆ ಹೇಳಿಕೊಂಡಿದ್ದಾಳೆ. ಪದಕಕ್ಕಾಗಿ ಅಲ್ಲ, ಮನಸ್ಸು ಹಗುರ ಮಾಡಿಕೊಳ್ಳಲು ಓಡಿದ ಹುಡುಗಿ ಅವಳು.

1984ರ ಜನವರಿ 5ರಂದು ಸ್ಟೆಲೆನ್‌ಬಾಷ್ ಎಂಬಲ್ಲಿ 5,000 ಮೀಟರನ್ನು 15 ನಿಮಿಷ 1.83 ಸೆಕೆಂಡಿನಲ್ಲಿ ಮುಗಿಸಿದಳು. ಅಮೆರಿಕದ ಮೇರಿ ಡೆಕರ್ ಅವರ ವಿಶ್ವದಾಖಲೆಗಿಂತ ಆರು ಸೆಕೆಂಡು ಕಡಿಮೆ! ಆದರೆ ದಾಖಲೆ ಪುಸ್ತಕ ಸೇರಲಿಲ್ಲ. ಕರಿಯರನ್ನು ಕಾನೂನು ಮಾಡಿಯೇ ತುಳಿಯುತ್ತಿದ್ದ ದಕ್ಷಿಣ ಆಫ್ರಿಕಾವನ್ನು ಜಗತ್ತು ಕ್ರೀಡೆಯಿಂದ ಹೊರಗಿಟ್ಟಿತ್ತು. ಆ ಬಹಿಷ್ಕಾರ ನ್ಯಾಯವಾದದ್ದೇ.

ಇಲ್ಲಿಂದ ದೊಡ್ಡವರ ಲೆಕ್ಕಾಚಾರ ಶುರು. ಲಂಡನ್ನಿನ ಡೈಲಿ ಮೇಲ್ ಪತ್ರಿಕೆ ಜೋಲಾಳ ಅಪ್ಪನ ಜೊತೆ ಮಾತಾಡಿತು. ಅಜ್ಜ ಬ್ರಿಟನ್‌ನಲ್ಲಿ ಹುಟ್ಟಿದವರು, ಆದ್ದರಿಂದ ಮೊಮ್ಮಗಳನ್ನು ಬ್ರಿಟನ್ ಪರವಾಗಿ ಒಲಿಂಪಿಕ್ಸ್‌ಗೆ ಇಳಿಸಬಹುದು ಎಂಬುದು ಉಪಾಯ. ಅಪ್ಪನಿಗೆ ಹಣ, ಪತ್ರಿಕೆಗೆ ಅವಳ ಕಥೆ. ಬೇರೆಯವರು ತಿಂಗಳುಗಟ್ಟಲೆ ಕಾಯುವ ಪೌರತ್ವ ಅವಳಿಗೆ ಎರಡು ವಾರದೊಳಗೆ ಸಿಕ್ಕಿತು. ವರ್ಣಭೇದ ವಿರೋಧಿಗಳು ಅವಳ ಓಟದ ಜಾಗಕ್ಕೇ ಬಂದು ಪ್ರತಿಭಟಿಸಿದರು. ಅವರ ಸಿಟ್ಟಿಗೆ ಕಾರಣವಿತ್ತು. ಆದರೆ ಸರ್ಕಾರ, ಪತ್ರಿಕೆ, ಅಪ್ಪ ಕೂಡಿ ಮಾಡಿದ್ದಕ್ಕೆ ಎದುರಿಗೆ ಸಿಕ್ಕವಳು 17ರ ಹುಡುಗಿ.

ಇನ್ನು ಮೇರಿ ಡೆಕರ್. ಜೋಲಾ ತನ್ನ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದು ಇವರದೇ ಚಿತ್ರ. ಮೇರಿಯೂ ಬಾಲಪ್ರತಿಭೆಯೇ. 12ನೇ ವಯಸ್ಸಿಗೆ ಮ್ಯಾರಥಾನ್ ಓಡಿದ್ದರು. 1973ರಲ್ಲಿ, 14ನೇ ವಯಸ್ಸಿಗೆ, ಸೋವಿಯತ್ ನೆಲದಲ್ಲೇ ಒಲಿಂಪಿಕ್ಸ್ ಬೆಳ್ಳಿ ಗೆದ್ದಾಕೆಯನ್ನು 800 ಮೀಟರಿನಲ್ಲಿ ಸೋಲಿಸಿದರು. ಆಮೇಲೆ ಬೆಳೆಯುವ ಕಾಲು ಸೋತಿತು. ಮೀನಖಂಡದ ನೋವು, ಶಸ್ತ್ರಚಿಕಿತ್ಸೆ. 1976ರ ಒಲಿಂಪಿಕ್ಸ್ ಗಾಯದಿಂದ ತಪ್ಪಿತು, 1980ರದ್ದು ಅಮೆರಿಕದ ಬಹಿಷ್ಕಾರದಿಂದ ತಪ್ಪಿತು.

1984ರ ಆಗಸ್ಟ್ 10, ಲಾಸ್ ಏಂಜಲೀಸ್, 3,000 ಮೀಟರ್ ಫೈನಲ್. ಅರ್ಧ ದಾಟಿದ ಮೇಲೆ ಬರಿಗಾಲಿನ ಜೋಲಾ ಮುಂದಿದ್ದಳು, ಮೇರಿ ಬೆನ್ನಿಗೇ ಇದ್ದರು. ಕಾಲಿಗೆ ಕಾಲು ತಗುಲಿತು. ಮೇರಿ ಒಳಗಿನ ಹುಲ್ಲಿನ ಮೇಲೆ ಬಿದ್ದು ಮೇಲೇಳಲಾಗದೆ ಅತ್ತರು. ಇಡೀ ಕ್ರೀಡಾಂಗಣ ಜೋಲಾಳನ್ನು ಕೂಗಾಡಿ ಹೀಯಾಳಿಸಿತು. ಪದಕದ ಕಟ್ಟೆ ಮೇಲೆ ನಿಂತು ಆ ಕೂಗನ್ನು ಮತ್ತೆ ಕೇಳುವುದು ಬೇಡವೆಂದು ನಿಧಾನ ಮಾಡಿದೆ ಎಂದು ಆಕೆ ಮುಂದೆ ಹೇಳಿದಳು. ಏಳನೆಯವಳಾಗಿ ಮುಗಿಸಿದಳು. ಮೊದಲು ಅವಳನ್ನು ಅನರ್ಹಗೊಳಿಸಿದ ಅಧಿಕಾರಿಗಳು ವಿಡಿಯೋ ನೋಡಿ ಅದನ್ನು ಹಿಂತೆಗೆದುಕೊಂಡರು. ಬೇಕೆಂದು ಬೀಳಿಸಿದ್ದಲ್ಲ ಎಂದು ವರ್ಷಗಳ ನಂತರ ಮೇರಿಯೇ ಒಪ್ಪಿಕೊಂಡರು.

ಮೇರಿಗೆ ಒಲಿಂಪಿಕ್ಸ್ ಪದಕ ಕೊನೆಗೂ ಸಿಗಲಿಲ್ಲ. ಜೋಲಾ 1985ರಲ್ಲಿ 5,000 ಮೀಟರಿನ ಅಧಿಕೃತ ವಿಶ್ವದಾಖಲೆ ಮಾಡಿದಳು, 1985 ಮತ್ತು 1986ರಲ್ಲಿ ವಿಶ್ವ ಕ್ರಾಸ್ ಕಂಟ್ರಿ ಗೆದ್ದಳು. ಆದರೆ ಅಪ್ಪನ ಜೊತೆಗಿನ ಸಂಬಂಧ ಮುರಿದುಬಿತ್ತು. 1989ರಲ್ಲಿ ಅಪ್ಪನ ಕೊಲೆಯಾದಾಗ ಮಗಳು ಅಂತ್ಯಕ್ರಿಯೆಯಲ್ಲಿ ಇರಲಿಲ್ಲ. ಗೆದ್ದ ಓಟ ಎಷ್ಟು, ಕಳೆದುಕೊಂಡದ್ದು ಎಷ್ಟು, ನೀವೇ ಲೆಕ್ಕ ಹಾಕಿ.

ಇದು ಹಳೆಯ ಕಾಲದ ಮಾತು ಎನ್ನಬೇಡಿ. ಅಮೆರಿಕದ ಮೇರಿ ಕೇನ್ 2013ರಲ್ಲಿ, 17ನೇ ವಯಸ್ಸಿಗೆ, ಮಾಸ್ಕೋ ವಿಶ್ವ ಚಾಂಪಿಯನ್‌ಶಿಪ್‌ನ 1,500 ಮೀಟರ್ ಫೈನಲ್ ಓಡಿದವರು. ತೂಕ ಇಳಿಸು ಎಂಬ ಒತ್ತಡದಲ್ಲಿ ಮೂರು ವರ್ಷ ಮುಟ್ಟು ನಿಂತಿತ್ತು, ಐದು ಮೂಳೆ ಮುರಿದವು ಎಂದು 2019ರಲ್ಲಿ ಅವರು ಬಹಿರಂಗವಾಗಿ ಹೇಳಿದರು.

ಈ ಮಾತು ನಮ್ಮ ಮನೆಗಳಿಗೂ ಬೇಕು. ಓಡುವ ಹುಡುಗಿಗೆ ಮುಟ್ಟು ನಿಂತರೆ ಅದು ಶಿಸ್ತಿನ ಗುರುತಲ್ಲ. ಬಹಳ ಸಲ ಓಟಕ್ಕೆ ತಕ್ಕ ಊಟ ಸಿಗುತ್ತಿಲ್ಲ ಎಂಬ ಸೂಚನೆ. ಹಾಗೇ ಬಿಟ್ಟರೆ ಮೂಳೆ ಸೊರಗುತ್ತದೆ. ಮುಚ್ಚಿಡದೆ ಡಾಕ್ಟರಿಗೆ ತೋರಿಸಬೇಕು. ಬೆಳೆಯುವ ಮಕ್ಕಳಿಗೆ, ಹುಡುಗರಿರಲಿ ಹುಡುಗಿಯರಿರಲಿ, ಓಟದಷ್ಟೇ ವಿಶ್ರಾಂತಿಯೂ ಬೇಕು. ಕಾಲು ನೋವೆಂದರೆ ನೆಪ ಎನ್ನಬಾರದು. ನೌಕರಿಯ ಕೋಟಾ, ಶಾಲೆಯ ಹೆಸರು, ಊರಿನ ಮಾನ ಎಲ್ಲವನ್ನೂ ಒಂದು ಮಗುವಿನ ಕಾಲಿಗೆ ಕಟ್ಟಿದರೆ ಆ ಕಾಲು ಎಷ್ಟು ದೂರ ಹೋದೀತು?

ಜೋಲಾ ಓಟ ಬಿಡಲಿಲ್ಲ. 2012ರಲ್ಲಿ, 46ರ ವಯಸ್ಸಿನಲ್ಲಿ, ದಕ್ಷಿಣ ಆಫ್ರಿಕಾದ ಸುಮಾರು 90 ಕಿಲೋಮೀಟರಿನ ಕಾಮ್ರೇಡ್ಸ್ ಓಟವನ್ನು ಎಂಟು ಗಂಟೆ ಚಿಲ್ಲರೆಯಲ್ಲಿ ಮುಗಿಸಿದರು. ಆ ಹೊತ್ತಿಗೆ ಅವರನ್ನು ಓಡು ಎಂದು ಒತ್ತಾಯಿಸುವವರು ಯಾರೂ ಇರಲಿಲ್ಲ.